ಬಿಜು ಬಾಬುವಿನ ಕಿರಿಯ ಮಗ

ರಾಜಕಾರಣಿಯ ಮಗ ಎಂದರೆ ನಮ್ಮ ಊರುಗಳಲ್ಲಿ ಒಂದು ಸಿದ್ಧ ಚಿತ್ರವಿದೆ. ಹುಡುಗನಿಗೆ ಮೀಸೆ ಮೂಡುವ ಮೊದಲೇ ಬಸ್ ನಿಲ್ದಾಣದೆದುರಿನ ಫ್ಲೆಕ್ಸಿನಲ್ಲಿ ಅವನ ಮುಖ ಮೂಡಿರುತ್ತದೆ. ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ, ಗಣೇಶನ ಹಬ್ಬಕ್ಕೆ ಶುಭಾಶಯದ ಬ್ಯಾನರು, ಮದುವೆಮನೆಗಳಿಗೆ ಅಪ್ಪನ ಬದಲು ತಾನೇ ಹೋಗಿ ಅಕ್ಷತೆ ಹಾಕಿ ಬರುವುದು. ಹೀಗೆ ನಾಲ್ಕಾರು ವರ್ಷ ಪಳಗಿದ ಮೇಲೆ ಟಿಕೆಟ್ಟು. ಯಾವ ಪಕ್ಷವೂ ಇದಕ್ಕೆ ಹೊರತಲ್ಲ. ನೋಡಿ ನೋಡಿ ನಮಗೂ ರೂಢಿಯಾಗಿಬಿಟ್ಟಿದೆ. ಆದರೆ ಐವತ್ತು ತುಂಬುವವರೆಗೆ ಅಪ್ಪನ ಕ್ಷೇತ್ರದ ಕಡೆ ತಲೆ ಹಾಕದ, ಅಲ್ಲಿನ ಭಾಷೆಯಲ್ಲಿ ನಾಲ್ಕು ಮಾತು ನೆಟ್ಟಗೆ ಆಡಲು ಬಾರದ ಒಬ್ಬ ಮಗ ಬಂದು, ಇಪ್ಪತ್ತನಾಲ್ಕು ವರ್ಷ ಒಂದು ರಾಜ್ಯವನ್ನು ಆಳಿದರು ಎಂದರೆ? ಕೂತು ಮಾತಾಡಬೇಕಾದ ಸಂಗತಿ ಅದು. ನಾನು ಹೇಳುತ್ತಿರುವುದು ಒಡಿಶಾದ ನವೀನ್ ಪಟ್ನಾಯಕರ ಬಗ್ಗೆ.

ಮಗನ ಕಥೆಗೆ ಮೊದಲು ಅಪ್ಪನ ಕಥೆ ಆಗಬೇಕು. ಅದೇನು ಸಣ್ಣ ಕಥೆಯಲ್ಲ. ಬಿಜಯಾನಂದ ಪಟ್ನಾಯಕ್, ಎಲ್ಲರ ಬಾಯಲ್ಲೂ ಬಿಜು ಬಾಬು, 1916ರ ಮಾರ್ಚ್ 5ರಂದು ಕಟಕ್‌ನಲ್ಲಿ ಹುಟ್ಟಿದವರು. ಆರಡಿ ಮೀರಿದ ಆಳು, ದೊಡ್ಡ ಗಂಟಲು. ಕಾಲೇಜಿನ ಓದನ್ನು ಅರ್ಧಕ್ಕೇ ಬಿಟ್ಟು ವಿಮಾನ ಹಾರಿಸುವುದನ್ನು ಕಲಿತರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷರ ವಿಮಾನ ನಡೆಸುತ್ತಲೇ ಸ್ವಾತಂತ್ರ್ಯ ಹೋರಾಟಗಾರರಿಗೆ ಗುಟ್ಟಾಗಿ ನೆರವಾಗಿ ಸೆರೆಮನೆ ಕಂಡರು. 1947ರ ಜುಲೈಯಲ್ಲಿ ಡಚ್ಚರು ಇಂಡೋನೇಷ್ಯಾದ ಮೇಲೆ ದಂಡೆತ್ತಿ ಬಂದಾಗ, ನೆಹರೂ ಕೇಳಿಕೊಂಡರೆಂದು ಡಕೋಟಾ ವಿಮಾನ ತೆಗೆದುಕೊಂಡು ಜಾವಾಕ್ಕೆ ಹಾರಿ, ಅಲ್ಲಿನ ನಾಯಕ ಸುತಾನ್ ಶಹರಿರ್ ಅವರನ್ನು ಭಾರತಕ್ಕೆ ಕರೆತಂದರು. ಜತೆಯಲ್ಲಿ ಹೆಂಡತಿ ಜ್ಞಾನ್ ಕೂಡ ಇದ್ದರು. ಪಂಜಾಬಿನ ಹೆಣ್ಣುಮಗಳು, ಆಕೆಗೂ ವಿಮಾನ ನಡೆಸುವುದು ಗೊತ್ತಿತ್ತು. ಅವರ ಕಿರಿಯ ಮಗ ನವೀನ್ ಹುಟ್ಟಿದ್ದು 1946ರ ಅಕ್ಟೋಬರ್ 16ರಂದು. ಅಂದರೆ ಅಪ್ಪ ಅಮ್ಮ ಹೀಗೆ ಜೀವ ಒತ್ತೆಯಿಟ್ಟು ಜಾವಾಕ್ಕೆ ಹಾರಿದಾಗ ಮಗು ಒಂಬತ್ತು ತಿಂಗಳ ಕೂಸು.

ಬಿಜು ಬಾಬು ಅಷ್ಟಕ್ಕೇ ನಿಲ್ಲುವವರಲ್ಲ. ಸ್ವಂತ ವಿಮಾನ ಕಂಪನಿ, ಕೊಳವೆ ಕಾರ್ಖಾನೆ, ಎಲ್ಲಕ್ಕೂ ಕಳಿಂಗ ಎಂಬ ಹೆಸರು. ವಿಜ್ಞಾನವನ್ನು ಜನರಿಗೆ ತಿಳಿಯುವಂತೆ ಬರೆಯುವವರಿಗೆ ಯುನೆಸ್ಕೋ ಕೊಡುವ ಕಳಿಂಗ ಪ್ರಶಸ್ತಿ ಇದೆಯಲ್ಲ, ಬರ್ಟ್ರಂಡ್ ರಸೆಲ್, ಆರ್ಥರ್ ಸಿ. ಕ್ಲಾರ್ಕ್, ನಮ್ಮ ಜಯಂತ ನಾರ್ಳೀಕರ್ ಅವರಿಗೆ ಸಂದದ್ದು, ಅದರ ಮೂಲಧನ ಬಿಜು ಬಾಬುವಿನದು. 1961ರಲ್ಲಿ ಮುಖ್ಯಮಂತ್ರಿಯಾದರು, ಪಾರಾದೀಪ್ ಬಂದರಿಗಾಗಿ ಹಟ ಹಿಡಿದು ದುಡಿದರು, 1963ರಲ್ಲಿ, ಹಿರಿಯರು ಅಧಿಕಾರ ಬಿಟ್ಟು ಪಕ್ಷದ ಕೆಲಸಕ್ಕಿಳಿಯಬೇಕೆಂಬ ಕಾಮರಾಜ್ ಯೋಜನೆಯಡಿ ಕುರ್ಚಿ ಬಿಟ್ಟರು. ಮುಂದೆ ಇಂದಿರಾ ಗಾಂಧಿಯವರ ಜೊತೆ ಜಗಳ, ಸಾಲುಸಾಲು ಸೋಲು, ತುರ್ತು ಪರಿಸ್ಥಿತಿಯಲ್ಲಿ ಜೈಲು, 1977ರಲ್ಲಿ ಮೊರಾರ್ಜಿ ಸಂಪುಟದಲ್ಲಿ ಉಕ್ಕು ಮತ್ತು ಗಣಿ ಖಾತೆ, 1990ರಿಂದ 1995ರವರೆಗೆ ಮತ್ತೆ ಮುಖ್ಯಮಂತ್ರಿ. ಪಂಚಾಯ್ತಿಗಳಲ್ಲಿ ಮೂರನೇ ಒಂದು ಪಾಲು ಜಾಗವನ್ನು ಹೆಂಗಸರಿಗೆ ಮೀಸಲಿಡಬೇಕೆಂದು ಸಂವಿಧಾನದ ತಿದ್ದುಪಡಿ ಹೇಳುವ ಮೊದಲೇ ಅವರು ಅದನ್ನು ಒಡಿಶಾದಲ್ಲಿ ಮಾಡಿದರು. ಅವರಿಗಿಂತ ಮೊದಲು ನಮ್ಮಲ್ಲಿ ರಾಮಕೃಷ್ಣ ಹೆಗಡೆ, ನಜೀರ್ ಸಾಬರ ಕಾಲದಲ್ಲಿ ನಾಲ್ಕನೇ ಒಂದು ಪಾಲು ಕೊಟ್ಟಿದ್ದೆವು. ಕನ್ನಡಿಗರು ಮರೆಯಬಾರದ ಮಾತಾದ್ದರಿಂದ ಇಲ್ಲಿ ಹೇಳಿದೆ.

ಇಂಥ ಅಪ್ಪನಿಗೆ ಮೂರು ಮಕ್ಕಳು. ಹಿರಿಯ ಪ್ರೇಮ್ ವ್ಯಾಪಾರಕ್ಕಿಳಿದರು. ಮಗಳು ಗೀತಾ ಮೆಹ್ತಾ ‘ಕರ್ಮ ಕೋಲಾ’, ‘ಎ ರಿವರ್ ಸೂತ್ರ’ ಬರೆದು ಹೆಸರಾದ ಲೇಖಕಿ. ಕಿರಿಯ ನವೀನ್ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ, ದೆಹಲಿಯ ಕಿರೋಡಿಮಲ್ ಕಾಲೇಜಿನಲ್ಲಿ ಓದಿ ದೆಹಲಿಯಲ್ಲೇ ಉಳಿದರು. ಅಲ್ಲೊಂದು ಬಟ್ಟೆ ಅಂಗಡಿ ನಡೆಸಿದರು. ದೇಶ ವಿದೇಶಗಳ ಕಲಾವಿದರು, ಬರಹಗಾರರು ಅವರ ಗೆಳೆಯರು. ಮೂರು ಪುಸ್ತಕ ಬರೆದರು: ಭಾರತದ ಅರಮನೆಗಳ ಬದುಕಿನ ಬಗ್ಗೆ ಒಂದು, ಬಿಕಾನೇರಿನ ಜನರ ಬಗ್ಗೆ ಒಂದು, ನಮ್ಮ ಔಷಧಿ ಗಿಡಗಳ ಬಗ್ಗೆ ಒಂದು. ಮೊದಲ ಪುಸ್ತಕವನ್ನು ಅಮೆರಿಕದ ಪ್ರಕಾಶನ ಸಂಸ್ಥೆಯಲ್ಲಿ ಕುಳಿತು ತಿದ್ದಿದವರು ಜಾಕ್ವೆಲಿನ್ ಕೆನಡಿ. ಮೂವರು ಮಕ್ಕಳೂ ಮನೆಯಲ್ಲಿ ಇಷ್ಟು ದೊಡ್ಡ ರಾಜಕೀಯ ಕಂಡವರು, ಮೂವರೂ ಅದರಿಂದ ದೂರ ಉಳಿದರು. ಬಿಜು ಬಾಬು ಕೂಡ ಯಾರನ್ನೂ ಎಳೆದು ತಂದು ಗಾದಿಯ ಪಕ್ಕ ಕೂರಿಸಲಿಲ್ಲ. ಆ ಮನುಷ್ಯನ ದೊಡ್ಡ ಗುಣಗಳಲ್ಲಿ ಇದೂ ಒಂದು ಎಂದೇ ನಾನು ಎಣಿಸುತ್ತೇನೆ.

1997ರ ಏಪ್ರಿಲ್ 17ರಂದು ಬಿಜು ಬಾಬು ದೆಹಲಿಯಲ್ಲಿ ತೀರಿಕೊಂಡರು. ಆ ತಿಂಗಳು ಜನತಾದಳಕ್ಕೆ ಕೆಟ್ಟ ತಿಂಗಳು. ಆರು ದಿನ ಮೊದಲಷ್ಟೇ ಲೋಕಸಭೆಯಲ್ಲಿ ವಿಶ್ವಾಸಮತ ಸಿಗದೆ ನಮ್ಮ ದೇವೇಗೌಡರ ಸರ್ಕಾರ ಬಿದ್ದಿತ್ತು. ಬಿಜು ಬಾಬುವೂ ದೇವೇಗೌಡರೂ ಒಂದೇ ಪಕ್ಷದವರು ಎಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ! ಆ ದಳ ಒಡೆದು ಒಡೆದು ಬಿಹಾರದಲ್ಲಿ ಲಾಲು ಪಕ್ಷ, ನಿತೀಶ್ ಪಕ್ಷ, ಕರ್ನಾಟಕದಲ್ಲಿ ಗೌಡರ ಪಕ್ಷ, ಒಡಿಶಾದಲ್ಲಿ ಪಟ್ನಾಯಕರ ಪಕ್ಷ ಆಯಿತು. ಮನೆತನದ ಆಳ್ವಿಕೆಯನ್ನು ವಿರೋಧಿಸುತ್ತಲೇ ಬೆಳೆದವರ ದಳ ಕೊನೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಮನೆಯ ಆಸ್ತಿಯಾದದ್ದು ನನಗೆ ಇಂದಿಗೂ ನೋವಿನ ವಿಷಯ. ಸಮಾಜವಾದಿಗಳ ಮಾತು ಕೇಳಿ ಬೆಳೆದ ನಮ್ಮಂಥವರಿಗೆ ಅದು ಸುಲಭಕ್ಕೆ ಜೀರ್ಣವಾಗುವುದಿಲ್ಲ.

ಬಿಜು ಬಾಬು ತೆರವು ಮಾಡಿದ ಅಸ್ಕಾ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಒಡಿಶಾದ ದಳದವರಿಗೆ ಬೇಕಾಗಿದ್ದದ್ದು ಆ ಹೆಸರು. ಮೂವರಲ್ಲಿ ಕಿರಿಯವರು ಒಪ್ಪಿದರು, ನಿಂತರು, ಗೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ದಳದ ಒಡಿಶಾ ಘಟಕ ಬೇರೆಯಾಗಿ ಬಿಜು ಜನತಾದಳವಾಯಿತು. ಪಕ್ಷದ ಹೆಸರಿನಲ್ಲೇ ಅಪ್ಪ. ಮರುವರ್ಷ ವಾಜಪೇಯಿ ಸಂಪುಟದಲ್ಲಿ ನವೀನರಿಗೆ ಸಿಕ್ಕ ಖಾತೆ ಉಕ್ಕು ಮತ್ತು ಗಣಿ, ಹಿಂದೆ ಅಪ್ಪ ನೋಡಿಕೊಂಡಿದ್ದೇ. 2000ದ ಚುನಾವಣೆಯಲ್ಲಿ ಬಿಜೆಪಿ ಜೊತೆ ಸೇರಿ ಗೆದ್ದು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತೆಗೆದುಕೊಂಡದ್ದು ಮಾರ್ಚ್ 5ರಂದು, ಬಿಜು ಬಾಬುವಿನ ಹುಟ್ಟುಹಬ್ಬದ ದಿನ.

ಅವರನ್ನು ಕರೆತಂದ ಹಿರಿಯ ತಲೆಗಳ ಲೆಕ್ಕಾಚಾರ ಸರಳವಾಗಿತ್ತು. ಹೆಸರು ಮಗನದು, ಆಡಳಿತ ನಮ್ಮದು. ದೆಹಲಿಯ ಮೆತ್ತನೆ ಮನುಷ್ಯ, ಭಾಷೆ ಬಾರದು, ಊರು ಗೊತ್ತಿಲ್ಲ, ಹೇಳಿದ ಕಡೆ ಸಹಿ ಹಾಕಿಕೊಂಡು ಇರುತ್ತಾರೆ ಎಂದುಕೊಂಡಿದ್ದರು. ಆ ಲೆಕ್ಕ ಮೊದಲ ಚುನಾವಣೆಯಲ್ಲೇ ತಪ್ಪಿತು. ಬಿಜಯ್ ಮಹಾಪಾತ್ರ ಎಂಬ ಪ್ರಬಲ ನಾಯಕರಿದ್ದರು, ಪಕ್ಷದ ರಾಜಕೀಯ ವ್ಯವಹಾರ ಸಮಿತಿಯ ಅಧ್ಯಕ್ಷರು, ಟಿಕೆಟ್ ಹಂಚಿದವರಲ್ಲಿ ಮುಖ್ಯರು. ನಾಮಪತ್ರ ಸಲ್ಲಿಸುವ ಗಡುವು ಮುಗಿಯುವ ಹೊತ್ತಿಗೆ ಅವರದೇ ಟಿಕೆಟ್ಟು ರದ್ದಾಗಿತ್ತು. ಬೇರೆಲ್ಲೂ ನಿಲ್ಲಲು ಸಮಯವೇ ಉಳಿದಿರಲಿಲ್ಲ. 2012ರಲ್ಲಿ ನವೀನ್ ಲಂಡನ್ನಿನಲ್ಲಿದ್ದಾಗ ಅವರ ಬಹುಕಾಲದ ಸಲಹೆಗಾರ ಪ್ಯಾರಿಮೋಹನ್ ಮಹಾಪಾತ್ರ ಶಾಸಕರನ್ನು ಕೂಡಿಹಾಕಿ ಕುರ್ಚಿ ಕೀಳಲು ನೋಡಿದರೆಂಬ ಗದ್ದಲವಾಯಿತು. ಹಿಂತಿರುಗಿದವರೇ ಪ್ಯಾರಿ ಬಾಬುವನ್ನು ಪಕ್ಷದಿಂದ ಹೊರಗಿಟ್ಟರು. ಎರಡೂ ಸಲ ಕೂಗಾಟವಿಲ್ಲ, ಪತ್ರಿಕೆಯವರ ಮುಂದೆ ಉದ್ದುದ್ದ ಭಾಷಣವಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮದು. ಮಾತೇ ಆಡದವರಿಗೂ ಅದು ಸಲ್ಲುತ್ತದೆ ಎಂಬುದನ್ನು ನವೀನ್ ಬಾಬು ತೋರಿಸಿದರು. ಅಪ್ಪ ಗುಡುಗಿ ಗೆದ್ದರು, ಗುಡುಗಿಯೇ ಸೋತರು ಕೂಡ. ಮಗ ದನಿ ಎತ್ತದೆ ಐದು ಚುನಾವಣೆ ಗೆದ್ದರು: 2000, 2004, 2009, 2014, 2019. ನಡುವೆ 2009ರಲ್ಲಿ ಬಿಜೆಪಿಯ ಕೈಬಿಟ್ಟು 147ರಲ್ಲಿ 103 ಸ್ಥಾನ ತಂದರು.

ಹೆಸರಿನ ಬಲದಿಂದಲೇ ಇಷ್ಟೆಲ್ಲ ಆಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆಸರು ಒಂದು ಚುನಾವಣೆ ಗೆಲ್ಲಿಸುತ್ತದೆ, ಹೆಚ್ಚೆಂದರೆ ಎರಡು. ಉಳಿದದ್ದಕ್ಕೆ ಕಾರಣ ಬೇಕಾದರೆ ಚಂಡಮಾರುತದ ಕಥೆ ಕೇಳಬೇಕು.

1999ರ ಅಕ್ಟೋಬರ್ 29ರಂದು ಪಾರಾದೀಪ್ ಬಳಿ ದಡ ಮುಟ್ಟಿದ ಮಹಾ ಚಂಡಮಾರುತಕ್ಕೆ, ಸರ್ಕಾರದ ಲೆಕ್ಕದಲ್ಲೇ, ಸುಮಾರು 10,000 ಜನ ಸತ್ತರು. ಸಮುದ್ರವೇ ಊರೊಳಗೆ ಬಂದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಸೀಮೆಯಲ್ಲಿ ಹಳ್ಳಿಹಳ್ಳಿಗಳನ್ನೇ ಬಳಿದುಕೊಂಡು ಹೋಯಿತು. ಓಡಿ ಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳೆಂದರೆ ಆ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು. ಆಗಿನ ಕಾಂಗ್ರೆಸ್ ಸರ್ಕಾರ ಜನರ ಕಣ್ಣಿನಲ್ಲಿ ಬಿದ್ದುಹೋಯಿತು. ವಿಪತ್ತು ನಿರ್ವಹಣೆಗೆಂದೇ ಒಂದು ಸಂಸ್ಥೆಯನ್ನು ಆ ವರ್ಷಾಂತ್ಯದಲ್ಲಿ ಅದೇ ಸರ್ಕಾರ ಆರಂಭಿಸಿತು, ಆ ಶ್ರೇಯ ಅವರಿಗೇ ಸಲ್ಲಬೇಕು. ಆದರೆ ಕಾಗದದ ಮೇಲಿನ ಸಂಸ್ಥೆಯನ್ನು ಕರಾವಳಿಯ ಹಳ್ಳಿಗಳವರೆಗೆ ಇಳಿಸಿದ್ದು ನವೀನರ ಸರ್ಕಾರ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಆಶ್ರಯ ಕಟ್ಟಡಗಳು ವರ್ಷ ವರ್ಷವೂ ಏಳುತ್ತ 800 ದಾಟಿದವು. ಉಳಿದ ದಿನಗಳಲ್ಲಿ ಅವುಗಳಲ್ಲಿ ಶಾಲೆ ನಡೆಯುತ್ತದೆ. ಹೀಗಾಗಿ ಬೀಗ ತುಕ್ಕು ಹಿಡಿಯುವುದಿಲ್ಲ, ದಾರಿ ಮಕ್ಕಳಿಗೂ ಗೊತ್ತಿರುತ್ತದೆ. ಹಳ್ಳಿಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟರು: ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾರು ದನ ಬಿಟ್ಟು ಬರಲೊಲ್ಲರು ಎಂಬುದೆಲ್ಲ ಅವರಿಗೆ ಗೊತ್ತಿರಬೇಕು. ಗಾಳಿ ಇಲ್ಲದ ದಿನಗಳಲ್ಲೇ ತಾಲೀಮು ನಡೆಯಬೇಕು.

2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗಂಜಾಂ ಜಿಲ್ಲೆಯ ಗೋಪಾಲಪುರದ ಹತ್ತಿರ ಬಂದು ಅಪ್ಪಳಿಸಿತು. ಅಷ್ಟರೊಳಗೆ ಸುಮಾರು 10 ಲಕ್ಷ ಜನರನ್ನು ಎಬ್ಬಿಸಿ ಕರೆದೊಯ್ದಾಗಿತ್ತು. ಮನೆ ಹೋದವು, ಬೆಳೆ ಹೋಯಿತು, ತೆಂಗು ಮುರಿದವು, ಆದರೆ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ವಿಶ್ವಸಂಸ್ಥೆ ಇದನ್ನು ಎತ್ತಿ ಹೇಳಿ ಮೆಚ್ಚಿತು. 2019ರ ಮೇ 3ರಂದು ಪುರಿಗೆ ಬಂದದ್ದು ಫನಿ. ಚುನಾವಣೆಯ ನಡುವೆ, 12 ಲಕ್ಷ ಜನರ ಸ್ಥಳಾಂತರ, ಸುಮಾರು 26 ಲಕ್ಷ ಮೊಬೈಲ್ ಸಂದೇಶ, ಸೈರನ್ನು, ಬಸ್ಸು, ಸಾವಿರಾರು ಸ್ವಯಂಸೇವಕರು. ಅಲ್ಲಿಯೂ ಸಾವು 64ಕ್ಕೆ ನಿಂತಿತು. ಇಪ್ಪತ್ತು ವರ್ಷದಲ್ಲಿ 10,000ದಿಂದ 64ಕ್ಕೆ! ನಮ್ಮ ದೇಶದಲ್ಲಿ ಒಂದು ಸರ್ಕಾರ ಮಾಡಿದ ಕೆಲಸವನ್ನು ಇಷ್ಟು ನೇರವಾಗಿ ಜೀವಗಳ ಲೆಕ್ಕದಲ್ಲಿ ಎಣಿಸಬಹುದಾದ ಉದಾಹರಣೆ ಹೆಚ್ಚಿಲ್ಲ. ಕಾವೇರಿ ಕಣಿವೆಯಲ್ಲಿ, ಕೊಡಗಿನ ಗುಡ್ಡಗಳಲ್ಲಿ ಮಳೆಗಾಲ ಬಂದರೆ ಎದೆ ನಡುಗುವ ನಮಗೆ ಇದರಲ್ಲಿ ಕಲಿಯುವುದು ಬೇಕಾದಷ್ಟಿದೆ. ನಮ್ಮ ಅಧಿಕಾರಿಗಳು ಒಮ್ಮೆ ಗಂಜಾಂ ಜಿಲ್ಲೆಗೆ ಹೋಗಿ ಕುಳಿತು ನೋಡಿ ಬರಲಿ.

ಅಕ್ಕಿಯ ಮಾತೂ ಇದೆ. 2001ರಲ್ಲಿ ಕಾಶೀಪುರದ ಆದಿವಾಸಿಗಳು ಹಸಿವಿಗೆ ಮಾವಿನ ಓಟೆಯ ತಿರುಳು ತಿಂದು ಸತ್ತ ಸುದ್ದಿ ದೇಶವನ್ನೇ ಅಲುಗಿಸಿತ್ತು. ಅದು ನವೀನರ ಕಾಲದಲ್ಲೇ ಆದದ್ದು. ಅದೇ ಸರ್ಕಾರ 2008ರಲ್ಲಿ ಕೆ.ಜಿ.ಗೆ 2 ರೂಪಾಯಿಯಂತೆ, 2013ರಲ್ಲಿ 1 ರೂಪಾಯಿಯಂತೆ ಅಕ್ಕಿ ಕೊಟ್ಟಿತು. ನಮ್ಮ ಅನ್ನಭಾಗ್ಯವೂ ಅದೇ 2013ರದು. 2001ರಲ್ಲಿ ಆರಂಭವಾದ ಮಿಷನ್ ಶಕ್ತಿ ಲಕ್ಷಾಂತರ ಹೆಂಗಸರನ್ನು ಸ್ವಸಹಾಯ ಗುಂಪುಗಳಲ್ಲಿ ಕೂಡಿಸಿತು. ಅವರೇ ಮುಂದೆ ನವೀನ್ ಬಾಬುವಿನ ಗಟ್ಟಿ ಮತಬ್ಯಾಂಕು. 2019ರಲ್ಲಿ ಲೋಕಸಭೆಯ ಟಿಕೆಟ್ಟುಗಳಲ್ಲಿ ಮೂರನೇ ಒಂದು ಪಾಲು, 21ರಲ್ಲಿ 7, ಹೆಂಗಸರಿಗೆ ಕೊಟ್ಟರು. ಹಾಕಿಗೆ ಹಣ ಕೊಡುವವರೇ ಇಲ್ಲದ ಹೊತ್ತಿನಲ್ಲಿ, 2018ರಲ್ಲಿ, ಒಂದು ರಾಜ್ಯ ಸರ್ಕಾರವೇ ದೇಶದ ತಂಡಗಳ ಪ್ರಾಯೋಜಕನಾಗಿ ನಿಂತಿತು. ಟೋಕಿಯೊದಲ್ಲಿ ನಮ್ಮ ಗಂಡಸರ ತಂಡ 41 ವರ್ಷಗಳ ನಂತರ ಒಲಿಂಪಿಕ್ ಪದಕ ತಂದಾಗ ತಂಡದ ಬೆನ್ನಿಗೆ ನಿಂತಿದ್ದದ್ದು ಒಡಿಶಾ. ಕೊಡವರ ನಾಡಿನವರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ.

ಹೊಗಳಿಕೆ ಸಾಕು. 2006ರ ಜನವರಿ 2ರಂದು ಕಳಿಂಗನಗರದಲ್ಲಿ ಉಕ್ಕಿನ ಕಾರ್ಖಾನೆಗಾಗಿ ನೆಲ ಬಿಡಲು ಒಪ್ಪದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹತ್ತಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ಕಂಧಮಾಲ್ ಉರಿಯಿತು. ಸಾವಿರಾರು ಕ್ರೈಸ್ತರು ಮನೆ ಬಿಟ್ಟು ಕಾಡಿಗೆ ಓಡಿದರು, ಸರ್ಕಾರ ತಡವಾಗಿ ಎಚ್ಚೆತ್ತಿತು. ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಶಾ ಆಯೋಗ ಹೇಳಿದ್ದನ್ನು, ಬಳ್ಳಾರಿಯನ್ನು ಕಂಡ ನಾವು ಬೇರೆ ವಿವರಣೆ ಇಲ್ಲದೆ ಅರ್ಥ ಮಾಡಿಕೊಳ್ಳಬಲ್ಲೆವು. ನಿಯಮಗಿರಿಯ ಬೆಟ್ಟವನ್ನು ಬಾಕ್ಸೈಟಿಗಾಗಿ ಅಗೆಯುವ ಪರವಾಗಿಯೇ ಈ ಸರ್ಕಾರ ನಿಂತಿತ್ತು. ಉಳಿಸಿಕೊಂಡವರು ಡೊಂಗ್ರಿಯಾ ಕೊಂಧರು, 2013ರಲ್ಲಿ ಹನ್ನೆರಡು ಗ್ರಾಮಸಭೆಗಳಲ್ಲೂ ಬೇಡ ಎಂದು ಹೇಳಿ. ಇವನ್ನು ಬಿಟ್ಟು ನವೀನರ ಕಥೆ ಹೇಳುವವರು ಅರ್ಧ ಕಥೆ ಹೇಳುತ್ತಾರೆ.

ಈಗ ಭಾಷೆಯ ಸಂಗತಿ. ಕನ್ನಡಿಗನಾಗಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಭಾಷೆಯ ಆಧಾರದ ಮೇಲೆ ಬೇರೆಯಾದ ಮೊದಲ ಪ್ರಾಂತ ಒಡಿಶಾ, 1936ರ ಏಪ್ರಿಲ್ 1ರಂದು. ನಾವು ಏಕೀಕರಣಕ್ಕಾಗಿ ಇನ್ನೂ ಇಪ್ಪತ್ತು ವರ್ಷ ಕಾಯಬೇಕಿತ್ತು. ಅಂಥ ನಾಡಿನಲ್ಲಿ ರೋಮನ್ ಲಿಪಿಯಲ್ಲಿ ಬರೆದುಕೊಂಡ ಒಡಿಯಾ ಭಾಷಣವನ್ನು ತಡೆತಡೆದು ಓದುವ ಮುಖ್ಯಮಂತ್ರಿಯನ್ನು ಜನ ಇಪ್ಪತ್ತನಾಲ್ಕು ವರ್ಷ ಸಹಿಸಿದರು. ಸಹಿಸಿದರು ಎಂದರೆ ತಪ್ಪಾಗುತ್ತದೆ, ಪ್ರೀತಿಸಿದರು. ಬಿಜು ಬಾಬುವಿನ ಮಗ, ಹೆಂಡತಿ ಮಕ್ಕಳಿಲ್ಲ, ಯಾರಿಗಾಗಿ ಕೂಡಿಡುತ್ತಾರೆ ಎಂಬ ನಂಬಿಕೆ ಅವರದು. ರಾಜ್ಯದ ಹೆಸರು 2011ರಲ್ಲಿ ಒರಿಸ್ಸಾದಿಂದ ಒಡಿಶಾ ಆದದ್ದು, ಒಡಿಯಾಕ್ಕೆ 2014ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದ್ದು ಎರಡೂ ಅವರ ಕಾಲದಲ್ಲೇ. ಆದರೂ ಅವರು ಕಲಿಯಬೇಕಿತ್ತು. ಇಷ್ಟು ಪ್ರೀತಿ ಕೊಟ್ಟ ಜನಕ್ಕೆ ಅಷ್ಟು ಸಲ್ಲಬೇಕಿತ್ತು. ಡೂನ್ ಶಾಲೆ, ಪಂಜಾಬಿ ತಾಯಿ, ದೆಹಲಿಯ ಬದುಕು ಎಲ್ಲ ಸರಿ, ಅವು 1997ರವರೆಗಿನ ಕಾರಣಗಳು. ಆಮೇಲಿನ ಇಪ್ಪತ್ತೇಳು ವರ್ಷಕ್ಕೆ ಕಾರಣವಿಲ್ಲ.

ಜನರ ಭಾಷೆ ಬಾರದ ನಾಯಕನಿಗೆ ಜನರ ಬಳಿಗೆ ಹೋಗಿ ಬರಲು ಇನ್ನೊಬ್ಬರು ಬೇಕಾಗುತ್ತಾರೆ. ಮೊದಲು ಪ್ಯಾರಿ ಬಾಬು ಇದ್ದರು. ಅನಂತರ ಬಂದವರು ವಿ.ಕೆ. ಪಾಂಡಿಯನ್. ತಮಿಳುನಾಡಿನವರು, 2000ದ ತಂಡದ ಐಎಎಸ್ ಅಧಿಕಾರಿ, 2011ರಿಂದ ಮುಖ್ಯಮಂತ್ರಿಯ ಖಾಸಗಿ ಕಾರ್ಯದರ್ಶಿ. ಚುರುಕು, ದುಡಿಮೆ ಎರಡೂ ಇದ್ದ ಮನುಷ್ಯ. ಒಡಿಯಾ ಚೆನ್ನಾಗಿ ಮಾತಾಡುತ್ತಿದ್ದರು. ಬರಬರುತ್ತ ಮಂತ್ರಿಗಳು ಕೂಡ ಮುಖ್ಯಮಂತ್ರಿಯನ್ನು ಕಾಣಬೇಕಾದರೆ ಅವರ ಮೂಲಕವೇ ಹೋಗಬೇಕೆಂಬ ಮಾತು ಹಬ್ಬಿತು. 2023ರ ಅಕ್ಟೋಬರಿನಲ್ಲಿ ಸ್ವಯಂನಿವೃತ್ತಿ, ನವೆಂಬರಿನಲ್ಲಿ ಪಕ್ಷ ಪ್ರವೇಶ, 2024ರ ಚುನಾವಣೆಯಲ್ಲಿ ಎಲ್ಲ ವೇದಿಕೆಯಲ್ಲೂ ಅವರೇ. ಬಿಜೆಪಿಗೆ ಬೇಕಾಗಿದ್ದದ್ದು ಕೈಗೆ ಸಿಕ್ಕಿತು: ಒಡಿಯಾ ಅಸ್ಮಿತೆ. ನವೀನ್ ಬಾಬು ಚೀಟಿ ನೋಡದೆ ರಾಜ್ಯದ ಜಿಲ್ಲೆಗಳ, ಜಿಲ್ಲಾಕೇಂದ್ರಗಳ ಹೆಸರು ಹೇಳಲಿ ಎಂದು ಪ್ರಧಾನಿಯೇ ಕಂಧಮಾಲಿನ ಸಭೆಯಲ್ಲಿ ಸವಾಲು ಹಾಕಿದರು. ಎಪ್ಪತ್ತೇಳರ ಹಿರಿಯರ ಬಗ್ಗೆ ಆ ಮಾತು ಒರಟಾಯಿತೆಂದು ನನಗೆ ಅನ್ನಿಸಿತ್ತು. ಆದರೆ ಪೆಟ್ಟು ಬಿದ್ದದ್ದು ಸರಿಯಾದ ಜಾಗಕ್ಕೇ.

ಫಲಿತಾಂಶ ಬಂದಾಗ ಬಿಜೆಪಿಗೆ 78, ಬಿಜು ಜನತಾದಳಕ್ಕೆ 51. ಲೋಕಸಭೆಯ 21ರಲ್ಲಿ ಒಂದೂ ಇಲ್ಲ. ನವೀನರು ನಿಂತದ್ದು ಎರಡು ಕಡೆ. ಸ್ವಂತ ಹಿಂಜಿಲಿಯಲ್ಲಿ 5,000ಕ್ಕೂ ಕಡಿಮೆ ಅಂತರದ ಗೆಲುವು. ಬಲಂಗೀರ್ ಜಿಲ್ಲೆಯ ಕಾಂಟಾಬಾಂಜಿಯಲ್ಲಿ ಸುಮಾರು 16,000 ಮತಗಳ ಸೋಲು. ಈ ಕಾಂಟಾಬಾಂಜಿ ಎಂಥ ಊರೆಂದರೆ, ಸುಗ್ಗಿ ಮುಗಿದ ಕೂಡಲೇ ಸುತ್ತಲ ಹಳ್ಳಿಗಳ ಬಡವರು ಮುಂಗಡ ಹಣ ಪಡೆದು, ಸಂಸಾರ ಸಮೇತ ಅಲ್ಲಿಂದ ರೈಲು ಹತ್ತಿ ದಕ್ಷಿಣದ ಇಟ್ಟಿಗೆ ಗೂಡುಗಳಿಗೆ ಹೊರಡುತ್ತಾರೆ. ತೆಲಂಗಾಣ, ತಮಿಳುನಾಡು, ನಮ್ಮ ಕರ್ನಾಟಕಕ್ಕೂ ಬರುತ್ತಾರೆ. ಇಪ್ಪತ್ತನಾಲ್ಕು ವರ್ಷದ ಆಳ್ವಿಕೆ ಆ ರೈಲನ್ನು ನಿಲ್ಲಿಸಲಿಲ್ಲ. ಅಲ್ಲಿ ಅವರನ್ನು ಸೋಲಿಸಿದ ಲಕ್ಷ್ಮಣ್ ಬಾಗ್ ಕೂಲಿ ಮಾಡಿ ಬೆಳೆದು ಬಂದವರು.

ವಿಧಾನಸಭೆಯ ಮೊದಲ ದಿನ ನವೀನ್ ಬಾಬು ಒಳಗೆ ಬರುವಾಗ ಆ ಲಕ್ಷ್ಮಣ್ ಬಾಗ್ ಎದ್ದು ನಮಸ್ಕರಿಸಿ ಹೆಸರು ಹೇಳಿದರು. ಓ, ನನ್ನನ್ನು ಸೋಲಿಸಿದವರು ನೀವೇ ಅಲ್ಲವೆ ಎಂದು ನವೀನರೂ ಕೈ ಮುಗಿದರು. ಹೊಸ ಮುಖ್ಯಮಂತ್ರಿ ಮೋಹನ್ ಮಾಝಿಯವರ ಪ್ರಮಾಣ ವಚನಕ್ಕೂ ಹೋಗಿ ವೇದಿಕೆಯಲ್ಲಿ ಕುಳಿತು ಬಂದಿದ್ದರು. ಸೋತವರು ಗೆದ್ದವರ ಮುಖ ನೋಡದ ಈ ಕಾಲದಲ್ಲಿ ಆ ನಡತೆ ದೊಡ್ಡದು. ಅಪ್ಪನ ಮನೆಯಿಂದ ಬಂದ ಸಂಸ್ಕಾರ ಅನ್ನಿ, ಅವರದೇ ಅನ್ನಿ, ನಮ್ಮ ವಿಧಾನಸೌಧಕ್ಕೆ ಅದು ಇಂದೇ ಬೇಕಾಗಿದೆ.

ಪಾಂಡಿಯನ್ ಉತ್ತರಾಧಿಕಾರಿಯಲ್ಲ, ಅದನ್ನು ಒಡಿಶಾದ ಜನರೇ ತೀರ್ಮಾನಿಸುತ್ತಾರೆ ಎಂದು ನವೀನ್ ಹೇಳಿದರು. ಸೋಲಿನ ಮೇಲೆ ಪಾಂಡಿಯನ್ ಸಕ್ರಿಯ ರಾಜಕೀಯ ಬಿಟ್ಟರು. ಅಣ್ಣ ಅಕ್ಕಂದಿರ ಮನೆಗಳಿಂದಲೂ ಯಾರನ್ನೂ ನವೀನ್ ಮುಂದೆ ತಂದಿಲ್ಲ. ಮನೆತನದ ಹೆಸರಿನಿಂದ ಬಂದವರು ಮನೆಯವರ ಕೈಗೆ ಏನನ್ನೂ ದಾಟಿಸಲಿಲ್ಲ ಎಂಬುದು ಅವರ ಪರವಾಗಿ ಹೇಳಬೇಕಾದ ಮಾತು. ಆದರೆ ಮನೆಯವರನ್ನು ಬಿಟ್ಟರೆ ಪಕ್ಷದಲ್ಲಿ ಬೇರೆ ಯಾರನ್ನಾದರೂ ಬೆಳೆಸಿದರೆ ಎಂದರೆ, ಅದೂ ಇಲ್ಲ. ತಲೆ ಎತ್ತಿದವರನ್ನೆಲ್ಲ ಹೊರಗಿಡುತ್ತಲೇ ಅವರು ಅಷ್ಟು ವರ್ಷ ಉಳಿದದ್ದು. ಹಾಗಾಗಿ ಇಂದು ಬಿಜು ಜನತಾದಳದಲ್ಲಿ ನವೀನ್ ಬಾಬು ಇದ್ದಾರೆ, ಕಾರ್ಯಕರ್ತರಿದ್ದಾರೆ, ನಡುವೆ ಯಾರೂ ಇಲ್ಲ. ಅವರು ಒಡಿಶಾಕ್ಕೆ ಮಾಡಿದ ಉಪಕಾರ ದೊಡ್ಡದು, ತಮ್ಮ ಪಕ್ಷಕ್ಕೆ ಮಾಡಿದ ಅನ್ಯಾಯವೂ ಅಷ್ಟೇ ದೊಡ್ಡದು. 2025ರ ಏಪ್ರಿಲ್‌ನಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಅವರು ಮತ್ತೆ ಅವಿರೋಧವಾಗಿ ಪಕ್ಷದ ಅಧ್ಯಕ್ಷರಾಗಿ ಆಯ್ಕೆಯಾದರು. ಬೇರೆ ಯಾರೂ ನಾಮಪತ್ರ ಸಲ್ಲಿಸಿರಲಿಲ್ಲ.